ಗಾಡಿ ಮಾತು: ಹೊಸ ಸ್ಪೋರ್ಟ್ಸ್ ಕಾರು ಊರು ಮುಟ್ಟಬೇಕು, ಪ್ಲಾನ್ ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನಮಸ್ಕಾರ ಅಣ್ಣಾರೇ. ನಮ್ಮದು ಗಂಗಾವತಿ. ಮನೆಯಲ್ಲಿ ರೈಸ್ ಮಿಲ್ ಇದೆ. ನಾನು ಓದು ಮುಗಿಸಿದಾಗಿನಿಂದ ಮುಂಬೈಯಲ್ಲೇ ಕೆಲಸದಲ್ಲಿದ್ದೆ. ಈಗ ಅದನ್ನು ಬಿಟ್ಟು, ಮಿಲ್ ನೋಡಿಕೊಳ್ಳಲು ಊರಿಗೆ ವಾಪಸ್ ಬರುತ್ತಿದ್ದೇನೆ. ಬರುವಾಗ ಬಹಳ ದಿನದ ಆಸೆ ಒಂದನ್ನು ತೀರಿಸಿಕೊಳ್ಳುತ್ತಿದ್ದೇನೆ. ಬಿಎಂಡಬ್ಲ್ಯು ಎಂ2 ಬುಕ್ ಮಾಡಿದ್ದೇನೆ, ಮ್ಯಾನ್ಯುವಲ್ ಗೇರಿನದು. ನವೆಂಬರ್ ಕೊನೆಯ ವಾರ ಮುಂಬೈ ಶೋರೂಮಿನಲ್ಲಿ ಕೈಗೆ ಸಿಗುತ್ತದೆ. ನಾನೇ ಓಡಿಸಿಕೊಂಡು ಊರಿಗೆ ತರಬೇಕು ಅಂತಿದೆ. ಬೆಳಗ್ಗೆ ಗಾಡಿ ತಗೊಂಡು ಒಂದೇ ಓಟಕ್ಕೆ ರಾತ್ರಿ ಮನೆ ಮುಟ್ಟಬಹುದಾ? ಕೊಲ್ಹಾಪುರ–ಹುಬ್ಬಳ್ಳಿ ದಾರಿ ಒಳ್ಳೆಯದಾ, ಸೊಲ್ಲಾಪುರ–ವಿಜಯಪುರ ದಾರಿ ಒಳ್ಳೆಯದಾ? ಹೊಸ ಎಂಜಿನ್‌ಗೆ ಇಷ್ಟು ದೂರ ತೊಂದರೆ ಇಲ್ಲವಾ? ಇನ್ನೊಂದು ವಿಷಯ. ಅಪ್ಪ ತಾನೂ ಮುಂಬೈಗೆ ಬಂದು ಅದರಲ್ಲೇ ಕೂತು ಬರುತ್ತೇನೆ ಅಂತ ಹಟ ಹಿಡಿದಿದ್ದಾರೆ. ಅವರಿಗೆ ಅರವತ್ತೆಂಟು, ಎರಡೂ ಮಂಡಿ ನೋವು. ಬೇಡ ಅನ್ನೋಕೆ ಮನಸ್ಸು ಬರುತ್ತಿಲ್ಲ.
— ಹೆಸರು ಬೇಡ, ಗಂಗಾವತಿ

ಉತ್ತರ: ಒಂದೇ ಓಟಕ್ಕೆ ಬೇಡ. ಮೂರು ದಿನ ಇಟ್ಟುಕೊಳ್ಳಿ. ಗಾಡಿ ತಗೊಳ್ಳುವ ದಿನ ಪುಣೆ ತನಕ ಮಾತ್ರ. ಎರಡನೇ ದಿನ ಹುಬ್ಬಳ್ಳಿ. ಮೂರನೇ ದಿನ ಬೆಳಗ್ಗೆ ಮನೆ. ತಂದೆಯವರು ಹುಬ್ಬಳ್ಳಿಯಲ್ಲಿ ಗಾಡಿ ಹತ್ತಲಿ. ಯಾಕೆ ಅಂತ ಒಂದೊಂದಾಗಿ ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ಮುಂಬೈ ಇದೆ, ಕೊಲ್ಹಾಪುರ ಇದೆ, ಸೊಲ್ಲಾಪುರ ಇದೆ. ಕೊಪ್ಪಳದಿಂದ ಗಂಗಾವತಿ ತನಕದ ರಸ್ತೆಯ ಬಗ್ಗೆ ಒಂದು ಮಾತೂ ಇಲ್ಲ. ಅದು ಸಹಜ. ನಮ್ಮೂರ ರಸ್ತೆ ನಮಗೆ ಗೊತ್ತೇ ಇದೆ ಅಂತ ಎಲ್ಲರೂ ಅಂದುಕೊಳ್ಳುತ್ತೇವೆ. ಆದರೆ ನಿಮಗೆ ಗೊತ್ತಿರುವುದು ಬೈಕಿನ ಮೇಲೆ, ಬೊಲೆರೊ ಒಳಗೆ ಕೂತು ನೋಡಿದ ರಸ್ತೆ. ನೆಲಕ್ಕೆ ಅಂಟಿಕೊಂಡು ಓಡುವ ಗಾಡಿಗೆ ಅದೇ ರಸ್ತೆ ಬೇರೆ. ಅದಕ್ಕೇ ನನ್ನ ಸಲಹೆ ಇಷ್ಟೇ: ಪ್ಲಾನನ್ನು ಮನೆ ಬಾಗಿಲಿನಿಂದ ಶುರು ಮಾಡಿ ಮುಂಬೈ ಕಡೆಗೆ ಹಿಂದಕ್ಕೆ ಹೋಗಿ. ಕೊನೆಯ ನೂರು ಕಿಲೋಮೀಟರ್ ಯಾವ ಹೊತ್ತಿನಲ್ಲಿ ಓಡಿಸಬೇಕು ಅನ್ನುವುದು ಮೊದಲು ತೀರ್ಮಾನ ಆಗಲಿ. ಉಳಿದದ್ದೆಲ್ಲ ಅದಕ್ಕೆ ಹೊಂದಿಕೊಳ್ಳಲಿ.

ನಾನು ಈ ಮಾತನ್ನು ಕಲಿತದ್ದು ಲಾರಿ ಚಾಸಿ ಓಡಿಸುವಾಗ. ಅದಿರಿನ ಕೆಲಸ ಜೋರಾಗಿದ್ದ ಕಾಲದಲ್ಲಿ ಬಳ್ಳಾರಿಗೆ ಹೊಸ ಲಾರಿ ಎಷ್ಟು ಬಂದರೂ ಸಾಲುತ್ತಿರಲಿಲ್ಲ. ಪುಣೆ ಹತ್ತಿರದ ಪಿಂಪ್ರಿಯಿಂದ ನಾವು ಸಾಲಾಗಿ ಚಾಸಿ ಓಡಿಸಿಕೊಂಡು ಬರುತ್ತಿದ್ದೆವು. ಕ್ಯಾಬಿನ್ ಇಲ್ಲ, ಬಾಗಿಲಿಲ್ಲ, ಮುಂದೆ ಗಾಜಿಲ್ಲ. ಮರದ ಡಬ್ಬಿಯ ಮೇಲೆ ಕೂತು, ಮುಖಕ್ಕೆ ಟವೆಲ್ ಸುತ್ತಿಕೊಂಡು ಓಡಿಸಬೇಕು. ನಮ್ಮ ಉಸ್ತಾದ್ ಒಂದು ಕಟ್ಟು ಮಾಡಿದ್ದರು. ದೀಪ ಹಚ್ಚುವ ಹೊತ್ತಿಗೆ ಗಾಡಿ ನಿಲ್ಲಬೇಕು. ಊರು ಇಪ್ಪತ್ತು ಮೈಲಿ ಇದ್ದರೂ ನಿಲ್ಲಬೇಕು. ಹುಡುಗರು ಗೊಣಗುತ್ತಿದ್ದರು. ಮನೆ ಊಟ ಬಿಟ್ಟು ಢಾಬಾದಲ್ಲಿ ಮಲಗುವುದು ಯಾರಿಗೆ ಇಷ್ಟ? ಅವರು ಮಾತ್ರ ಕದಲುತ್ತಿರಲಿಲ್ಲ. ಮನೆ ಹತ್ತಿರ ಬಂತು ಅಂದಾಗ ಕಾಲು ತಾನಾಗಿ ಆಕ್ಸಿಲರೇಟರ್ ಒತ್ತುತ್ತದೆ, ಕಣ್ಣು ಅಷ್ಟು ನೋಡಲ್ಲ ಅನ್ನುತ್ತಿದ್ದರು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿಗಾರಿಕೆ ನಿಲ್ಲಿಸಿದ ಮೇಲೆ ನಾನು ಸ್ಟೀರಿಂಗ್ ಬಿಟ್ಟು ಗ್ಯಾರೇಜು ಹಾಕಿದೆ. ಆ ಕಟ್ಟನ್ನು ಮಾತ್ರ ಬಿಟ್ಟಿಲ್ಲ.

ನವೆಂಬರ್ ಕೊನೆ ಅಂದರೆ ನಮ್ಮ ಕಡೆ ಏನು ಕಾಲ? ಭತ್ತದ ಕೊಯ್ಲು. ಇದನ್ನು ಮಿಲ್ಲಿನ ಮನೆಯವರಿಗೆ ನಾನು ಹೇಳಬೇಕಿಲ್ಲ. ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪ ಎಲ್ಲ ಕಡೆ ರಸ್ತೆಯ ಮೇಲೆ ಕೊಯ್ಲಿನ ಮಷಿನ್‌ಗಳು, ಹುಲ್ಲು ಹೇರಿದ ಟ್ರ್ಯಾಕ್ಟರ್‌ಗಳು. ಹುಲ್ಲು ರಸ್ತೆಯ ಮುಕ್ಕಾಲು ಅಗಲಕ್ಕೆ ಚಾಚಿರುತ್ತದೆ. ಹಿಂದೆ ಕೆಂಪು ದೀಪ ಇರುವುದೇ ಅಪರೂಪ. ಕೆಲವು ಕಡೆ ಅರ್ಧ ರಸ್ತೆಯ ಮೇಲೆ ಭತ್ತ ಒಣ ಹಾಕಿ, ಅಂಚಿಗೆ ಕಲ್ಲು ಜೋಡಿಸಿರುತ್ತಾರೆ. ರೈತರಿಗೆ ಬೇರೆ ಜಾಗ ಇಲ್ಲ. ಹಗಲಲ್ಲಿ ದೂರದಿಂದಲೇ ಕಾಣುತ್ತದೆ, ನಿಧಾನ ಮಾಡಿ ದಾಟಬಹುದು. ರಾತ್ರಿ ಎದುರಿನ ಲೈಟು ಕಣ್ಣಿಗೆ ಹೊಡೆದಾಗ ಆ ಕಲ್ಲು ಕಾಣುವುದೇ ಇಲ್ಲ. ನಿಮ್ಮ ಗಾಡಿಯ ಹಿಂದಿನ ಟೈರು 285/30, ಇಪ್ಪತ್ತು ಇಂಚಿನದು. ರಿಮ್ಮಿಗೂ ರಸ್ತೆಗೂ ನಡುವೆ ಇರುವ ರಬ್ಬರ್ ನಾಲ್ಕು ಬೆರಳಷ್ಟು. ಒಂದು ಕಲ್ಲು ಸಾಕು.

ಇನ್ನೊಂದು, ಗದ್ದೆಯಿಂದ ಹೊರಬಂದ ಟ್ರ್ಯಾಕ್ಟರ್ ಗಾಲಿಗೆ ಎರೆಮಣ್ಣು ಮೆತ್ತಿಕೊಂಡಿರುತ್ತದೆ. ಅದು ಡಾಂಬರಿನ ಮೇಲೆ ಉದುರುತ್ತದೆ. ಬೆಳಗಿನ ಇಬ್ಬನಿಗೆ ಹಸಿಯಾದರೆ ವಿಪರೀತ ಜಾರುತ್ತದೆ. ನಿಮ್ಮದು ಹಿಂದಿನ ಗಾಲಿಗೆ ಪವರ್ ಹೋಗುವ ಗಾಡಿ, ನಾಲ್ಕು ನೂರಕ್ಕೂ ಜಾಸ್ತಿ ಅಶ್ವಶಕ್ತಿ. ಅಂಥ ಜಾಗದಲ್ಲಿ ಎರಡನೇ ಗೇರಿನಲ್ಲಿ ಕಾಲು ಒತ್ತಿದರೆ ಹಿಂಭಾಗ ಪಕ್ಕಕ್ಕೆ ಸರಿದುಬಿಡುತ್ತದೆ. ಗಾಲಿ ಜಾರದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಆನ್ ಇರಲಿ. ಅದನ್ನು ಆಫ್ ಮಾಡಿ ತೋರಿಸು ಅಂತ ಗೆಳೆಯರು ಕೇಳುತ್ತಾರೆ, ಮಾಡಬೇಡಿ.

ಹಾಗಾಗಿ ಕೊಪ್ಪಳ ದಾಟಿ ಗಿಣಿಗೇರಾ, ಬೂದಗುಂಪಾ ಕ್ರಾಸ್ ಮೇಲೆ ಗಂಗಾವತಿ ಕಡೆ ತಿರುಗುವ ಹೊತ್ತಿಗೆ ಬಿಸಿಲು ಚೆನ್ನಾಗಿ ಬಿದ್ದಿರಬೇಕು. ಹತ್ತೂವರೆ, ಹನ್ನೊಂದು ಗಂಟೆ ಆದರೆ ಒಳ್ಳೆಯದು. ಅಷ್ಟೊತ್ತಿಗೆ ಇಬ್ಬನಿ ಆರಿರುತ್ತದೆ, ಶಾಲೆ ಮಕ್ಕಳ ಓಡಾಟ ಮುಗಿದಿರುತ್ತದೆ. ಹುಬ್ಬಳ್ಳಿಯಿಂದ ಗಂಗಾವತಿ ಸುಮಾರು 160 ಕಿಲೋಮೀಟರ್. ಬೆಳಗ್ಗೆ ಏಳಕ್ಕೆ ಹೊರಟರೆ ನಡುವೆ ಎರಡು ಸಲ ನಿಂತರೂ ಸಮಯ ಸರಿಹೋಗುತ್ತದೆ. ಹಿಂದಿನ ರಾತ್ರಿ ಹುಬ್ಬಳ್ಳಿಯಲ್ಲಿ ಯಾಕೆ ಇರಬೇಕು ಅನ್ನುವುದಕ್ಕೆ ಇದೇ ಉತ್ತರ.

ಈಗ ದಾರಿಯ ವಿಷಯ. ಎರಡೂ ದಾರಿ ಒಳ್ಳೆಯವೇ. ಪುಣೆಯಿಂದ ಸೊಲ್ಲಾಪುರ, ವಿಜಯಪುರ, ಕುಷ್ಟಗಿ ಮೇಲೆ ಬಂದರೆ ನಾಲ್ಕು ಪಥದ ರಸ್ತೆ, ವಾಹನ ಕಡಿಮೆ. ಸಾಮಾನ್ಯ ಕಾರಾಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ನಿಮ್ಮ ಗಾಡಿಯಲ್ಲಿ ಸ್ಟೆಪ್ನಿ ಇರಲ್ಲ. ಟೈರಿನೊಳಗೆ ತುಂಬುವ ದ್ರವದ ಬಾಟಲಿ ಮತ್ತು ಸಣ್ಣ ಕಂಪ್ರೆಸರ್ ಇರುತ್ತದೆ. ಮೊಳೆ ಚುಚ್ಚಿದರೆ ಅದು ಸಾಕು. ಗುಂಡಿಗೆ ಬಿದ್ದು ಟೈರಿನ ಪಕ್ಕ ಸೀಳಿದರೆ ಅದರಿಂದ ಏನೂ ಆಗಲ್ಲ. ಆಗ ಬೇಕಾದದ್ದು ದೊಡ್ಡ ಊರು, ಅಲ್ಲಿಂದ ಬರುವ, ಗಾಡಿಯನ್ನು ಪೂರ್ತಿ ಮೇಲೆ ಹೇರಿಕೊಳ್ಳುವ ಫ್ಲಾಟ್‌ಬೆಡ್ ಲಾರಿ. ಪುಣೆ, ಸತಾರಾ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ ನೋಡಿ. ಸುಮಾರು ನೂರು, ನೂರಿಪ್ಪತ್ತು ಕಿಲೋಮೀಟರ್‌ಗೆ ಒಂದೊಂದು ದೊಡ್ಡ ಊರು ಸಿಗುತ್ತದೆ. ಮೊದಲ ಪ್ರಯಾಣಕ್ಕೆ ಆ ಧೈರ್ಯ ಬೇಕು. ಅದಕ್ಕೆ ಹುಬ್ಬಳ್ಳಿ ದಾರಿ.

ಆ ದಾರಿಯಲ್ಲಿ ಎರಡು ಕಡೆ ಜಾಸ್ತಿ ಎಚ್ಚರ ಬೇಕು. ಸತಾರಾದಿಂದ ಕೊಲ್ಹಾಪುರ ನಡುವೆ ಆರು ಪಥ ಮಾಡುವ ಕೆಲಸಕ್ಕಾಗಿ ಎಲ್ಲಿ ಸರ್ವಿಸ್ ರಸ್ತೆಗೆ ತಿರುಗಿಸಿದ್ದಾರೋ ಅಲ್ಲಿ ಮೇಲಿಂದ ಕೆಳಗೆ ಇಳಿಯುವ ತುದಿ ಚೂಪಾಗಿರುತ್ತದೆ. ಮುಂದಿನ ಲಾರಿ ಹಾರಿ ಇಳಿದದ್ದು ಕಂಡರೆ ನೀವು ನಿಂತೇ ಇಳಿಸಿ. ಎರಡನೆಯದು ಕಾಗಲ್ ದಾಟಿ ನಿಪ್ಪಾಣಿ, ಸಂಕೇಶ್ವರದ ಕಡೆ. ಅಲ್ಲಿ ಆ ಹೊತ್ತಿಗೆ ಕಬ್ಬು ಅರೆಯುವ ಕಾಲ. ಒಂದು ಟ್ರ್ಯಾಕ್ಟರಿಗೆ ಎರಡು ಟ್ರಾಲಿ ಕಟ್ಟಿ, ಕಬ್ಬು ಎರಡೂ ಪಕ್ಕ ಚಾಚಿಕೊಂಡು ಹೋಗುತ್ತಿರುತ್ತವೆ. ಓವರ್‌ಟೇಕ್ ಮಾಡುವಾಗ ಅಕ್ಕಪಕ್ಕ ಜಾಗ ಬಿಡಿ. ರಸ್ತೆಗೆ ಬಿದ್ದ ಕಬ್ಬಿನ ಮೇಲೆ ಹತ್ತಿಸಬೇಡಿ, ಮುಂದಿನ ಬಂಪರಿನ ಕೆಳತುಟಿ ಒಡೆಯುತ್ತದೆ. ಮಧ್ಯಾಹ್ನ ಎರಡು, ಮೂರಕ್ಕೆ ನಿಪ್ಪಾಣಿ ದಾಟಿದ್ದರೆ ಬೆಳಕಿರುವಾಗಲೇ ಹುಬ್ಬಳ್ಳಿ ಸಿಗುತ್ತದೆ. ಆ ತಿಂಗಳಲ್ಲಿ ಆರಕ್ಕೆಲ್ಲ ಕತ್ತಲು, ನೆನಪಿರಲಿ.

ಎಂಜಿನ್ ಬಗ್ಗೆ ಕೇಳಿದ್ದೀರಿ. ದೂರದ ಓಟದಿಂದ ತೊಂದರೆ ಇಲ್ಲ. ಹೇಗೆ ಓಡಿಸುತ್ತೀರಿ ಅನ್ನುವುದರ ಮೇಲೆ ಇದೆ. ಕಂಪನಿಯ ಕೈಪಿಡಿಯಲ್ಲಿ ಇದನ್ನು ಸ್ಪಷ್ಟವಾಗಿ ಬರೆದಿದ್ದಾರೆ. ಟೈರಿಗೆ ಪೂರ್ತಿ ಹಿಡಿತ ಬರಲು ಸುಮಾರು 300 ಕಿಲೋಮೀಟರ್ ಬೇಕು. ಬ್ರೇಕ್ ಮತ್ತು ಕ್ಲಚ್ ಹದಕ್ಕೆ ಬರಲು ಸುಮಾರು 500. ಎಂಜಿನ್ ಮೊದಲ 2,000 ಕಿಲೋಮೀಟರ್ ತನಕ ನಿಮಿಷಕ್ಕೆ 5,500 ಸುತ್ತು, ಅಂದರೆ 5,500 ಆರ್‌ಪಿಎಂ ದಾಟಬಾರದು, ಗಂಟೆಗೆ 170 ಕಿಲೋಮೀಟರ್ ಮೀರಬಾರದು, ಆಕ್ಸಿಲರೇಟರ್ ಪೂರ್ತಿ ಒತ್ತಬಾರದು. 170ರ ಮಾತು ನಮ್ಮ ರಸ್ತೆಗೆ ಬರುವುದೇ ಇಲ್ಲ. ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಯಲ್ಲೇ ಕಾರಿಗೆ ಬಯಲಿನಲ್ಲಿ 100, ಘಾಟಿಯಲ್ಲಿ 60 ಮಿತಿ. ಕ್ಯಾಮೆರಾ ಎಲ್ಲ ಕಡೆ ಇವೆ.

ಈ ಲೆಕ್ಕವನ್ನು ನಿಮ್ಮ ದಾರಿಗೆ ಹಚ್ಚಿ ನೋಡಿ. ಮುಂಬೈಯಿಂದ ಪುಣೆ ಸುಮಾರು 150 ಕಿಲೋಮೀಟರ್. ಟೈರು ಇನ್ನೂ ಹೊಸದು, ಬ್ರೇಕ್ ಇನ್ನೂ ಕೂತಿಲ್ಲ. ಒಳ್ಳೆಯ ವಿಷಯ ಏನೆಂದರೆ ಆ ದಿಕ್ಕಿನಲ್ಲಿ ಖಂಡಾಲಾ ಘಾಟಿ ನಿಮಗೆ ಏರು, ಇಳಿಜಾರಲ್ಲ. ಬ್ರೇಕಿಗೆ ಹೊರೆ ಕಡಿಮೆ. ಮೂರನೇ, ನಾಲ್ಕನೇ ಗೇರಿನಲ್ಲಿ ಆರಾಮಾಗಿ ಹತ್ತಲಿ. ಎರಡನೇ ದಿನ ಸತಾರಾ ಮುಂಚೆ ಖಂಬಾಟ್ಕಿ ಘಾಟಿ ಬರುತ್ತದೆ, ಅದೂ ಏರು. ಕರಾಡ್ ಹತ್ತಿರ ಟೈರು ಹದಕ್ಕೆ ಬಂದಿರುತ್ತದೆ. ಬೆಳಗಾವಿ ಹತ್ತಿರ ಬ್ರೇಕ್, ಕ್ಲಚ್ ಕೂತಿರುತ್ತವೆ. ನಮ್ಮೂರ ಹಂಪು, ದನ, ಟ್ರ್ಯಾಕ್ಟರ್ ಎದುರಾಗುವ ಹೊತ್ತಿಗೆ ನಿಮ್ಮ ಕಾಲಿಗೂ ಆ ಬ್ರೇಕಿಗೂ ಪರಿಚಯ ಆಗಿರುತ್ತದೆ. ಒಂದೇ ಓಟದಲ್ಲಿ ಬಂದರೂ ಅಷ್ಟೇ ಕಿಲೋಮೀಟರ್ ಆಗುತ್ತದೆ ನಿಜ. ಆದರೆ ಕೊನೆಯ ಭಾಗ ಸುಸ್ತಾದ ಕಾಲಿಗೆ, ಕತ್ತಲಲ್ಲಿ ಸಿಗುತ್ತದೆ.

ಹೆದ್ದಾರಿಯಲ್ಲಿ ಕ್ರೂಸ್ ಕಂಟ್ರೋಲ್ ಹಾಕಿ ಒಂದೇ ವೇಗದಲ್ಲಿ ಗಂಟೆಗಟ್ಟಲೆ ಕೂರಬೇಡಿ. ಹೊಸ ಎಂಜಿನ್‌ಗೆ ವೇಗ ಏರಿಳಿತ ಬೇಕು. ಸ್ವಲ್ಪ ಹೊತ್ತು ಎಂಬತ್ತು, ಸ್ವಲ್ಪ ಹೊತ್ತು ತೊಂಬತ್ತೈದು. ಗೇರ್ ಬದಲಾಯಿಸುತ್ತಾ ಇರಿ. ಟಾಪ್ ಗೇರಿನಲ್ಲಿ ಐವತ್ತಕ್ಕೆ ಎಳೆದಾಡಿಸಿ ಗುರುಗುಟ್ಟಿಸುವುದೂ ತಪ್ಪು. ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ರೇಸ್ ಮಾಡಬೇಡಿ, ಎಣ್ಣೆ ಬಿಸಿಯಾಗುವ ತನಕ ಮೆಲ್ಲಗೆ. ಮನೆ ಮುಟ್ಟಿದಾಗ ಮೀಟರಿನಲ್ಲಿ ಏಳುನೂರು ದಾಟಿರುತ್ತದೆ. ಅಂದರೆ 2,000ಕ್ಕೆ ಇನ್ನೂ ಬಹಳ ಇದೆ. 2,000 ಆದಾಗ ಕಂಪನಿಯ ರನ್ನಿಂಗ್-ಇನ್ ಸರ್ವಿಸ್, ಅಂದರೆ ಹೊಸ ಎಂಜಿನ್ ಹದಕ್ಕೆ ಬಂದ ಮೇಲಿನ ಮೊದಲ ಸರ್ವಿಸ್, ಮಾಡಿಸಲೇಬೇಕು. ಊರಿನ ಸುತ್ತ ಓಡಿಸಿ ಅದನ್ನು ಮೀರಿಸಬೇಡಿ. ಯಾವ ಊರಲ್ಲಿ ಮಾಡಿಸುತ್ತೀರಿ ಅಂತ ಗಾಡಿ ತಗೊಳ್ಳುವ ದಿನವೇ ಕೇಳಿ ಬರೆದಿಟ್ಟುಕೊಳ್ಳಿ.

ಶೋರೂಮಿನಲ್ಲಿ ಫೋಟೋ ತೆಗೆಸಿಕೊಳ್ಳುವ ಗಡಿಬಿಡಿ ಇರುತ್ತದೆ. ಅದಕ್ಕೂ ಮುಂಚೆ ಒಂದು ಗಂಟೆ ಗಾಡಿಯ ಜತೆ ಸುಮ್ನೆ ಕಳೆಯಿರಿ. ನಾಲ್ಕೂ ಟೈರಿನ ಮೇಲೆ ಬರೆದ ವಾರ ಮತ್ತು ವರ್ಷ ನೋಡಿ. ಟೈರ್ ದ್ರವದ ಬಾಟಲಿಯ ಮೇಲಿನ ಅವಧಿ ನೋಡಿ. ಟೋಚನ್ ಮಾಡಲು ಬಂಪರಿಗೆ ತಿರುಗಿಸಿ ಹಾಕುವ ಕೊಕ್ಕೆ ಎಲ್ಲಿದೆ, ಅದರ ಮುಚ್ಚಳ ಹೇಗೆ ತೆಗೆಯುವುದು ಅಂತ ಅವರ ಕೈಯಲ್ಲೇ ಮಾಡಿಸಿ ನೋಡಿ. ಕತ್ತಲಲ್ಲಿ ಮಳೆಯಲ್ಲಿ ಹುಡುಕುವ ವಸ್ತು ಅದಲ್ಲ. ಗಾಡಿ ನಿಂತರೆ ಫ್ಲಾಟ್‌ಬೆಡ್ಡೇ ಬೇಕು ಅಂತ ಫೋನಿನಲ್ಲಿ ಮೊದಲ ಮಾತೇ ಹೇಳಿ. ಒಂದು ಕಡೆ ಎತ್ತಿ ಎಳೆದುಕೊಂಡು ಹೋಗುವ ಗಾಡಿ ಬಂದರೆ ವಾಪಸ್ ಕಳಿಸಿ. ಇನ್ಶೂರೆನ್ಸಿನಲ್ಲಿ ಝೀರೋ ಡೆಪ್ರಿಸಿಯೇಷನ್ (ಭಾಗ ಹಳೆಯದಾಯಿತು ಅಂತ ದುಡ್ಡು ಕಡಿತ ಮಾಡದ್ದು) ಜತೆಗೆ ಟೈರು ಮತ್ತು ರಿಮ್ಮಿನ ರಕ್ಷಣೆ ಸೇರಿಸಿ. ಆ ಟೈರು ನಮ್ಮ ಮೂರು ಜಿಲ್ಲೆಯಲ್ಲಿ ಅಂಗಡಿಗೆ ಹೋಗಿ ಕೊಳ್ಳುವಂಥದ್ದಲ್ಲ.

ಕಾಗದಪತ್ರ. ಗಾಡಿ ಊರಲ್ಲೇ ಇರುವುದರಿಂದ ಮುಂಬೈಯಲ್ಲಿ ತಾತ್ಕಾಲಿಕ ನೋಂದಣಿ ಮಾಡಿಸಿ, ಪಕ್ಕಾ ನಂಬರನ್ನು ನಮ್ಮ ಕೆಎ-37ರಲ್ಲೇ ತಗೊಳ್ಳಿ. ಹಳದಿ ಹಲಗೆಯ ಮೇಲೆ ಕೆಂಪು ಅಕ್ಷರದ ತಾತ್ಕಾಲಿಕ ನಂಬರ್ ಇಲ್ಲದೆ ಶೋರೂಮಿನ ಗೇಟು ದಾಟಬೇಡಿ. ನೋಂದಣಿ ಅರ್ಜಿ ಅಂದರೆ ಫಾರಂ 20, ಮಾರಾಟದ ಸರ್ಟಿಫಿಕೇಟ್ ಅಂದರೆ ಫಾರಂ 21, ಗಾಡಿ ರಸ್ತೆಗೆ ಯೋಗ್ಯ ಅನ್ನುವ ಕಂಪನಿಯ ಸರ್ಟಿಫಿಕೇಟ್ ಅಂದರೆ ಫಾರಂ 22, ಇನ್‌ವಾಯ್ಸ್, ಇನ್ಶೂರೆನ್ಸ್ ಎಲ್ಲದರ ಪ್ರಿಂಟು ಒಂದು ಫೈಲಿನಲ್ಲಿರಲಿ. ತಾತ್ಕಾಲಿಕ ನೋಂದಣಿಯ ಅವಧಿ ಮುಗಿಯುವ ತನಕ ಕಾಯಬೇಡಿ, ಊರಿಗೆ ಬಂದ ವಾರದಲ್ಲೇ ಆರ್‌ಟಿಒ ಕಚೇರಿಗೆ ಹೋಗಿ. ತೆರಿಗೆ ಉಳಿಸಲು ಬೇರೆ ರಾಜ್ಯದ ನಂಬರ್ ಹಾಕಿಸು ಅನ್ನುವವರು ಸಿಗುತ್ತಾರೆ. ಕೇಳಬೇಡಿ. ನಮ್ಮ ರಸ್ತೆಯಲ್ಲಿ ಓಡಿಸುವ ಗಾಡಿಗೆ ನಮ್ಮ ರಾಜ್ಯಕ್ಕೇ ತೆರಿಗೆ ಕಟ್ಟುವುದು ಸರಿ. ಫಾಸ್ಟ್‌ಟ್ಯಾಗ್ ಗಾಜಿಗೆ ಅಂಟಿಸಿ, ದುಡ್ಡು ಹಾಕಿಸಿ ಹೊರಡಿ. ಟೋಲಿನ ವಾರ್ಷಿಕ ಪಾಸು ಚಾಸಿ ನಂಬರಿನ ಮೇಲೆ ಸಿಗಲ್ಲ, ಪಕ್ಕಾ ನಂಬರ್ ಬಂದ ಮೇಲೆ ನೋಡಿಕೊಳ್ಳಿ.

ಪೆಟ್ರೋಲ್ ಟ್ಯಾಂಕು 52 ಲೀಟರಿನದು. ಅರ್ಧಕ್ಕೆ ಇಳಿದಾಗ ತುಂಬಿಸಿ. ನೂರು ಆಕ್ಟೇನಿನ ಪೆಟ್ರೋಲ್ ಬೇಕೆಂದರೆ ಮುಂಬೈ, ಪುಣೆಯಲ್ಲೇ ಹುಡುಕಿ ಹಾಕಿಸಿ. ಮುಂದೆ ಕೈಪಿಡಿಯಲ್ಲಿ ಹೇಳಿದ ಕನಿಷ್ಠಕ್ಕೆ ಕಡಿಮೆ ಇಲ್ಲದ್ದು, ಓಡಾಟ ಜಾಸ್ತಿ ಇರುವ ಬಂಕಿನಲ್ಲಿ.

ಈಗ ತಂದೆಯವರ ವಿಷಯ. ನಿಮ್ಮ ಪತ್ರದಲ್ಲಿ ನನಗೆ ಮನಸ್ಸಿಗೆ ತಟ್ಟಿದ್ದು ಅದೇ. ಮಗ ಊರಿಗೆ ವಾಪಸ್ ಬರುತ್ತಿದ್ದಾನೆ. ಅವನ ಪಕ್ಕದಲ್ಲಿ ಕೂತು ಊರೊಳಗೆ ಬರಬೇಕು ಅನ್ನುವುದು ಅವರ ಆಸೆ. ಅದು ಮುಂಬೈ ನೋಡುವ ಆಸೆಯಲ್ಲ, ಅಲ್ವಾ? ಹಾಗಿದ್ದರೆ ಏಳುನೂರು ಕಿಲೋಮೀಟರ್ ಮಂಡಿ ಮಡಚಿ ಕೂರುವ ಕಷ್ಟ ಅವರಿಗೆ ಯಾಕೆ? ಆ ಗಾಡಿಯ ಸೀಟು ತಗ್ಗು, ಬಾಗಿಲು ಉದ್ದ, ಸಸ್ಪೆನ್ಷನ್ ಗಟ್ಟಿ. ಮೂರನೇ ದಿನ ಬೆಳಗ್ಗೆ ಅವರು ಹುಬ್ಬಳ್ಳಿಯಲ್ಲಿ ನಿಮ್ಮನ್ನು ಕೂಡಿಕೊಳ್ಳಲಿ. ಹಿಂದಿನ ದಿನವೇ ಮನೆಯ ಬೊಲೆರೊದಲ್ಲಿ ಡ್ರೈವರ್ ಜತೆ ಬಂದು ನೆಂಟರ ಮನೆಯಲ್ಲೋ ಲಾಡ್ಜಿನಲ್ಲೋ ಉಳಿದಿರಲಿ. "ಅಪ್ಪಾ, ಮುಂಬೈಯಿಂದ ನಾನು ಬರೇ ಗಾಡಿ ತರುತ್ತೇನೆ, ಊರಿಗೆ ನಾವಿಬ್ಬರೂ ಸೇರಿ ತರೋಣ" ಅಂತ ಹೇಳಿ ನೋಡಿ. ಒಪ್ಪುತ್ತಾರೆ ಅನ್ನಿಸುತ್ತದೆ.

ಇದರಿಂದ ಇನ್ನೊಂದು ದೊಡ್ಡ ಉಪಯೋಗ ಇದೆ. ಬೊಲೆರೊ ನಿಮ್ಮ ಮುಂದೆ ಹೋಗಲಿ. ಹಂಪು ಬಂದಲ್ಲಿ, ರಸ್ತೆ ಕಿತ್ತುಹೋದಲ್ಲಿ ಡ್ರೈವರ್ ಎಡಗಡೆ ಇಂಡಿಕೇಟರ್ ಹಾಕಿ ನಿಧಾನ ಮಾಡಲಿ. ನಿಮಗೆ ಮೊದಲೇ ಗೊತ್ತಾಗುತ್ತದೆ. ಬ್ಯಾಗುಗಳನ್ನೂ ಅದಕ್ಕೇ ಹಾಕಿ. ಡಿಕ್ಕಿಯಲ್ಲಿ ಭಾರ ಕಡಿಮೆಯಾದಷ್ಟೂ ಗಾಡಿ ನೆಲದಿಂದ ಮೇಲೆ ಉಳಿಯುತ್ತದೆ. ಬೊಲೆರೊ ತೀರಾ ಹತ್ತಿರ ಬೇಡ, ಅದರ ಗಾಲಿಯ ಕಲ್ಲು ನಿಮ್ಮ ಗಾಜಿಗೆ ಹೊಡೆಯುತ್ತದೆ.

ಅವರನ್ನು ಕೂರಿಸುವ ಕ್ರಮ ಹೇಳುತ್ತೇನೆ. ಗಾಡಿ ನಿಲ್ಲಿಸುವಾಗ ಅವರ ಕಡೆ ಬಾಗಿಲು ಪೂರ್ತಿ ತೆರೆಯುವಷ್ಟು ಜಾಗ ಬಿಡಿ. ಸೀಟನ್ನು ಆದಷ್ಟು ಹಿಂದಕ್ಕೆ, ಆದಷ್ಟು ಮೇಲಕ್ಕೆ ಮಾಡಿ. ಮೊದಲು ಸೊಂಟ ಇಟ್ಟು ಕೂರಲಿ, ಆಮೇಲೆ ಎರಡೂ ಕಾಲು ಜತೆಗೇ ಒಳಗೆ ತರಲಿ. ಇಳಿಯುವಾಗಲೂ ಎರಡೂ ಕಾಲು ಹೊರಗೆ ಇಟ್ಟ ಮೇಲೆ ನೀವು ಕೈ ಕೊಡಿ. ತಗ್ಗಾದ ಗಾಡಿಯನ್ನು ಫುಟ್‌ಪಾತಿಗೆ ಒತ್ತಿ ನಿಲ್ಲಿಸಿದರೆ ಬಾಗಿಲಿನ ಕೆಳಗಂಚು ಕಲ್ಲಿಗೆ ತಾಗುತ್ತದೆ, ಅದನ್ನೂ ನೋಡಿಕೊಳ್ಳಿ. ಗಂಟೆಗೊಮ್ಮೆ ನಿಲ್ಲಿ. ಅಣ್ಣಿಗೇರಿ ದಾಟಿ ಗದಗಿನಲ್ಲಿ ಮಿರ್ಚಿ, ಚಹಾ ಆಗಲಿ. ಕೊಪ್ಪಳದಲ್ಲಿ ಇನ್ನೊಂದು ಸಲ ಕಾಲು ಚಾಚಲಿ.

ಹಂಪು ದಾಟುವುದು ಒಂದು ಕಲೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ನಿಯಮದ ಹಂಪು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ. ಅಂಥದ್ದನ್ನು ನಿಮ್ಮ ಗಾಡಿ ನೇರವಾಗಿ ನಿಧಾನಕ್ಕೆ ದಾಟುತ್ತದೆ. ಹಳ್ಳಿಯ ಮುಂದೆ ಜನ ತಾವೇ ಹಾಕಿಸಿಕೊಂಡದ್ದು ಹಾಗಿರಲ್ಲ. ಎತ್ತರ ಜಾಸ್ತಿ, ಅಗಲ ಒಂದು ಮೊಳ. ಅಲ್ಲಿ ಪೂರ್ತಿ ನಿಂತು, ಓರೆಯಾಗಿ ಒಂದು ಗಾಲಿಯನ್ನು ಮೊದಲು ಹತ್ತಿಸಿ, ಒಂದೊಂದಾಗಿ ಇಳಿಸಿ. ಹತ್ತುವಾಗ ಬ್ರೇಕ್ ಒತ್ತಬೇಡಿ. ಬ್ರೇಕ್ ಒತ್ತಿದರೆ ಮೂತಿ ತಗ್ಗುತ್ತದೆ. ಓರೆ ಮಾಡಲು ಎದುರಿನ ಬದಿಯ ಜಾಗ ಬೇಕಾಗುತ್ತದೆ. ಹಿಂದೆ, ಮುಂದೆ ನೋಡಿ, ಬೇಕಾದರೆ ಎರಡು ಗಾಡಿ ಹೋಗಲು ಬಿಟ್ಟು ದಾಟಿ. ಹಿಂದಿನವನು ಹಾರ್ನ್ ಹೊಡೆದರೆ ಹೊಡೆಯಲಿ. ನಿಮ್ಮ ಮಿಲ್ಲಿನ ಗೇಟಿನ ಮುಂದೆ ಚರಂಡಿ ಮೇಲಿನ ಏರು ಇದ್ದರೆ ಅದನ್ನು ಈಗಲೇ ಫೋನ್ ಮಾಡಿ ಸರಿಮಾಡಿಸಿ. ಇಷ್ಟು ದೂರ ಬಂದ ಗಾಡಿ ಸ್ವಂತ ಗೇಟಿನಲ್ಲಿ ತಾಗಿಸಿಕೊಂಡದ್ದನ್ನು ನಮ್ಮ ಗ್ಯಾರೇಜಿನಲ್ಲಿ ನೋಡುತ್ತಲೇ ಇರುತ್ತೇನೆ.

ದಿನದ ಲೆಕ್ಕ ಹೀಗೆ ಹಾಕಿ. ಮಂಗಳವಾರ ಬೇಡ ಅಂತ ಮನೆಯಲ್ಲಿ ಅನ್ನುತ್ತಾರೆ, ಬುಧವಾರ ಗಾಡಿ ತಗೊಳ್ಳಿ. ಶುಕ್ರವಾರ ಮನೆ. ವಾರದ ಕೊನೆಯ ಎಕ್ಸ್‌ಪ್ರೆಸ್‌ವೇ ಗದ್ದಲವೂ ತಪ್ಪುತ್ತದೆ. ಶುಕ್ರವಾರ ಹುಲಿಗಿಗೆ ಹೋಗಿ ಹುಲಿಗೆಮ್ಮನಿಗೆ ಕೈಮುಗಿದೇ ಮನೆಗೆ ಅಂದರೆ ಆ ದಿನ ಜನ ಬಹಳ, ನಿಲ್ಲಿಸಲು ಜಾಗ ಸಿಗಲ್ಲ. ಮುಂದಿನ ವಾರ ಬೆಳಗ್ಗೆ ಬೇಗ ಹೋಗಿ. ಗೆಳೆಯರು ಕೊಪ್ಪಳಕ್ಕೆ ಬೈಕಿನಲ್ಲಿ ಬಂದು ಮೆರವಣಿಗೆ ಮಾಡುತ್ತೇವೆ ಅಂದರೆ ಬೇಡ ಅನ್ನಿ. ಪಕ್ಕದಲ್ಲಿ ಓಡಿಸುತ್ತಾ ವಿಡಿಯೋ ಮಾಡುವ ಹುಡುಗನ ಕಣ್ಣು ರಸ್ತೆ ಮೇಲಿರಲ್ಲ. ಮಿಲ್ಲಿನ ಅಂಗಳದಲ್ಲಿ ಗಾಡಿ ನಿಂತ ಮೇಲೆ ಎಷ್ಟು ಬೇಕಾದರೂ ತೆಗೆಯಲಿ.

ಪ್ರಶ್ನೆ: ಅಣ್ಣಾ, ನಮ್ಮ ಮನೆ ತೋರಣಗಲ್ಲಿನಲ್ಲಿ. ಮಗಳು ಬೆಂಗಳೂರಿನಿಂದ ಬಿಳಿ ಬಣ್ಣದ ಹೊಸ ಸ್ಪೋರ್ಟ್ಸ್ ಕಾರಿನಲ್ಲಿ ಮುಂದಿನ ತಿಂಗಳು ಬರುತ್ತಿದ್ದಾಳೆ. ಇಲ್ಲಿ ಎರಡೇ ದಿನಕ್ಕೆ ಗಾಡಿ ಕೆಂಪಾಗುತ್ತದೆ. ಕವರ್ ತರಿಸಿ ಇಡಲಾ?
— ಒಬ್ಬ ತಾಯಿ, ತೋರಣಗಲ್ಲು

ಉತ್ತರ: ಅಕ್ಕಾ, ಕವರ್ ಬೇಡ, ನೆರಳು ಬೇಕು. ಅದಿರಿನ ಧೂಳು ಗಟ್ಟಿ. ಧೂಳು ಕೂತ ಗಾಡಿಯ ಮೇಲೆ ಕವರ್ ಎಳೆದರೆ, ಗಾಳಿಗೆ ಅದು ಅಲುಗಾಡಿದರೆ, ಮರಳು ಕಾಗದ ಉಜ್ಜಿದ ಹಾಗೆ ಬಣ್ಣ ಸವೆಯುತ್ತದೆ. ಒಣ ಬಟ್ಟೆಯಿಂದ ಒರೆಸುವುದೂ ಹಾಗೇ. ಬೆಳಗ್ಗೆ ಎದ್ದು ಯಾರೋ ಪ್ರೀತಿಯಿಂದ ಬಟ್ಟೆ ತಗೊಂಡು ಒರೆಸಿಬಿಡುತ್ತಾರೆ. ಮನೆಯವರಿಗೆಲ್ಲ ಮೊದಲೇ ಹೇಳಿಡಿ. ಪೈಪಿನಿಂದ ಮೇಲಿನಿಂದ ಕೆಳಗೆ ನೀರು ಬಿಟ್ಟು ಧೂಳು ಹರಿದುಹೋದ ಮೇಲೆಯೇ ಬಟ್ಟೆ ಮುಟ್ಟಿಸಬೇಕು. ಸೋಪಿನ ನೀರಿಗೆ ಒಂದು ಬಕೆಟ್, ಬಟ್ಟೆ ಜಾಲಿಸಲು ಇನ್ನೊಂದು. ಮಗಳು ಹಿರಿಯೂರು, ಚಳ್ಳಕೆರೆ, ರಾಂಪುರ ಮೇಲೆ ಬಳ್ಳಾರಿಗೆ ಬರುವುದಾದರೆ ಬಳ್ಳಾರಿಯಿಂದ ನಿಮ್ಮ ಮನೆ ತನಕ ಅದಿರಿನ ಲಾರಿಗಳ ಹಿಂದೆ ಹತ್ತಿರ ಹೋಗದಿರಲಿ. ಮೇಲಿನಿಂದ ಉದುರುವ ಚೂರು ಗಾಜಿಗೂ ಬಾನೆಟ್ಟಿಗೂ ಹೊಡೆಯುತ್ತದೆ. ಅವಳಿಗೂ ಹಗಲಲ್ಲೇ ಬಾ ಅನ್ನಿ.

ಪ್ರಶ್ನೆ: ಬೇಸಿಗೆಯಲ್ಲಿ ಹೈದರಾಬಾದಿನಿಂದ ರಾಯಚೂರಿಗೆ ಬರುವಾಗ ಟೈರಿನ ಗಾಳಿ ಜಾಸ್ತಿ ತೋರಿಸುತ್ತದೆ. ದಾರಿಯಲ್ಲಿ ಸ್ವಲ್ಪ ತೆಗೆಯಬೇಕಾ?
— ರಾಯಚೂರು ಓದುಗರು

ಉತ್ತರ: ತೆಗೆಯಬೇಡಿ. ಟೈರು ಬಿಸಿಯಾದಾಗ ಒತ್ತಡ ಏರುವುದು ಸಹಜ. ಹತ್ತು ಡಿಗ್ರಿ ಸೆಲ್ಸಿಯಸ್ಸಿಗೆ ಸುಮಾರು ಒಂದೂವರೆಯಿಂದ ಎರಡು ಪಿಎಸ್‌ಐ ಏರುತ್ತದೆ. ಕಂಪನಿ ಹೇಳುವ ಅಂಕಿ ತಣ್ಣಗಿರುವ ಟೈರಿನದು. ಬಿಸಿಯಲ್ಲಿ ತೆಗೆದರೆ ಮರುದಿನ ಬೆಳಗ್ಗೆ ಕಡಿಮೆ ಇರುತ್ತದೆ. ಕಡಿಮೆ ಗಾಳಿಯ ಟೈರೇ ಬಿಸಿಲಿನಲ್ಲಿ ಇನ್ನೂ ಕಾಯುತ್ತದೆ, ಒಡೆಯುವುದೂ ಅದೇ. ಹೊರಡುವ ಮುಂಚೆ, ಗಾಡಿ ಓಡಿಸುವ ಮೊದಲು ನೋಡಿ ಹಾಕಿಸಿ, ಆಮೇಲೆ ಮುಟ್ಟಬೇಡಿ.

ಪ್ರಶ್ನೆ: ಹೊಸ ಗಾಡಿಗೆ ಪೂಜೆ ಮಾಡಿದರೆ ಬಣ್ಣ ಹಾಳಾಗುತ್ತದೆ ಅಂತ ಮಗ ಬೇಡ ಅನ್ನುತ್ತಾನೆ. ಪೂಜೆ ಇಲ್ಲದೆ ಗಾಡಿ ಹೇಗೆ ಓಡಿಸುವುದು?
— ಕಾರಟಗಿ ಓದುಗರು

ಉತ್ತರ: ಪೂಜೆ ಮಾಡಿ. ಮಗನ ಮಾತಿನಲ್ಲೂ ಹುರುಳಿದೆ, ಇಬ್ಬರಿಗೂ ಒಪ್ಪುವಂತೆ ಮಾಡಬಹುದು. ಎಣ್ಣೆಯಲ್ಲಿ ಕಲಸಿದ ಕುಂಕುಮ, ಸಿಂಧೂರ ಬಣ್ಣದ ಮೇಲೆ ಬಿಸಿಲಿಗೆ ಒಣಗಿದರೆ ಕಲೆ ಉಳಿಯುತ್ತದೆ. ಅದನ್ನು ಗಾಜಿನ ಮೇಲೆ ಹಚ್ಚಿ, ಗಾಜಿನಿಂದ ಹೋಗುತ್ತದೆ. ಹೂವಿನ ಹಾರ ಮುಂದಿನ ಬಂಪರಿಗೆ ಅಡ್ಡ ಕಟ್ಟಬೇಡಿ. ಈಗಿನ ಗಾಡಿಗಳಲ್ಲಿ ಅಲ್ಲಿ ಸೆನ್ಸರ್, ರಾಡಾರ್ ಇರುತ್ತವೆ, ಗಾಳಿ ಹೋಗುವ ಜಾಲರಿಯೂ ಅಲ್ಲೇ. ಹಾರವನ್ನು ಒಳಗೆ ಡ್ಯಾಶ್‌ಬೋರ್ಡ್ ಮೇಲೆ ಇಟ್ಟು ಪೂಜೆ ಮುಗಿದ ಮೇಲೆ ತೆಗೆಯಿರಿ. ನಿಂಬೆಹಣ್ಣು ನಾಲ್ಕು ಗಾಲಿಗೂ ಇಡಬಹುದು, ಏನೂ ಆಗಲ್ಲ. ತೆಂಗಿನಕಾಯಿ ಮಾತ್ರ ಗಾಲಿಯ ಮುಂದೆ ಒಡೆಯಬೇಡಿ. ಪಕ್ಕದಲ್ಲಿ ಕಲ್ಲಿನ ಮೇಲೆ ಒಡೆದು, ಚಿಪ್ಪಿನ ಚೂರು ಗುಡಿಸಿ ತೆಗೆದ ಮೇಲೆ ಗಾಡಿ ಮುಂದಕ್ಕೆ ಬಿಡಿ.